ಬೆಳಕನ್ನೂ ಕಸುಬಾಗಿ ಕಲಿಸಿದ ಶಾಲೆ

ಹೋದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ನಮ್ಮೂರ ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಪರಿಚಯದ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ಕೂತರು. ಮಗ ಪಾಸಾಗಿದ್ದ. ಆದರೂ ಅವರ ಮುಖದಲ್ಲಿ ಖುಷಿ ಇರಲಿಲ್ಲ.

"ಅಲ್ಲ ಕಣಪ್ಪ, ನೀನು ಪೇಪರ್‌ನೋನು, ನೀನೇ ಹೇಳು. ಫೋಟೊ ಹೊಡ್ಯಕ್ಕೂ ಒಂದು ಇಸ್ಕೂಲ್ ಬೇಕಾ? ಫಿಟ್ಟರ್‌ಗೆ ಹಾಕ್ತೀನಿ ಅಂದ್ರೆ ಕ್ಯಾಮೆರಾ ಕಲೀತೀನಿ ಅಂತ ಹಟ ಹಿಡ್ದವ್ನೆ. ಮೊಬೈಲ್ ಇಟ್ಕಂಡೋರೆಲ್ಲ ಹೊಡೀತಾರಲ್ಲ?"

ಆವತ್ತು ನಾನು ಏನೋ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅದಕ್ಕೆ ಸರಿಯಾದ ಉತ್ತರ ಬೆಂಗಳೂರಿನಲ್ಲಿ 80 ವರ್ಷಗಳ ಹಿಂದೆಯೇ ಸಿಕ್ಕಿದೆ. ಫಿಟ್ಟರ್ ಕೆಲಸವನ್ನೂ ಕ್ಯಾಮೆರಾ ಕೆಲಸವನ್ನೂ ಒಂದೇ ಕಾಂಪೌಂಡಿನೊಳಗೆ ಕಲಿಸಿದ ಸರ್ಕಾರಿ ಶಾಲೆಯೊಂದರ ಕಥೆ ಇದು.

ಗುಟ್ಟಿನ ವಿದ್ಯೆ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಬೇಲೂರು, ಹಳೇಬೀಡಿನ ಗುಡಿಗಳ ಫೋಟೊ ತೆಗೆದ ಮೊದಲಿಗರಲ್ಲಿ ಒಬ್ಬ ಲಿನಿಯಸ್ ಟ್ರೈಪ್. ಮದ್ರಾಸ್ ಸೇನೆಯ ಅಧಿಕಾರಿ, 1850ರ ದಶಕದಲ್ಲಿ ಬೆಂಗಳೂರಿನಲ್ಲಿದ್ದವನು. ಅವನ ಮುಖ್ಯ ಸಹಾಯಕನ ಹೆಸರು ಅಯ್ಯಸ್ವಾಮಿ. ಈತ ಅಲೆಕ್ಸಾಂಡರ್ ಹಂಟರ್ ಎಂಬ ಡಾಕ್ಟರ್ ಮದ್ರಾಸಿನಲ್ಲಿ ಕಟ್ಟಿದ ಕೈಗಾರಿಕಾ ಕಲಾಶಾಲೆಯಲ್ಲಿ ಫೋಟೊಗ್ರಫಿ ಕಲಿತಿದ್ದ. ಅಂದರೆ ಕ್ಯಾಮೆರಾ ನಮ್ಮ ದೇಶಕ್ಕೆ ಬಂದು ಸ್ವಲ್ಪ ಕಾಲದಲ್ಲೇ ಶಾಲೆಯಲ್ಲಿ ಕಲಿತ ಭಾರತೀಯನೊಬ್ಬ ಈ ಕೆಲಸಕ್ಕೆ ಇಳಿದಿದ್ದ.

ಆದರೆ ಇಂಥ ಅವಕಾಶ ಎಲ್ಲರಿಗೂ ಸಿಗಲಿಲ್ಲ. ಹೆಚ್ಚಿನವರು ಕಲಿತಿದ್ದು ಸ್ಟುಡಿಯೋಗಳಲ್ಲಿ. ಹುಡುಗ ಬಂದು ಮೊದಲು ನೆಲ ಗುಡಿಸಬೇಕು, ಟ್ರೇ ತೊಳೆಯಬೇಕು. ಆಮೇಲೆ ಕತ್ತಲೆ ಕೋಣೆಗೆ ಪ್ರವೇಶ. ಕೆಂಪು ದೀಪದ ಬೆಳಕಿನಲ್ಲಿ ಡೆವಲಪರ್‌ಗೆ ಕಾಗದ ಅದ್ದುವುದು, ಹೈಪೋದಲ್ಲಿ ಮುಳುಗಿಸಿ ಚಿತ್ರ ನಿಲ್ಲಿಸುವುದು, ನೀರಿನಲ್ಲಿ ತೊಳೆದು ಒಣಗಿಸುವುದು. ಕೈ ಕುದುರಿದರೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಮುಖದ ಕಲೆ ಮುಚ್ಚುವ ರಿಟಚಿಂಗ್. ಕಪ್ಪುಬಿಳುಪು ಫೋಟೊಗೆ ಬ್ರಷ್‌ನಿಂದ ಬಣ್ಣ ಹಚ್ಚುವುದೂ ಅಲ್ಲೇ. ನಿಮ್ಮ ಮನೆಯ ಗೋಡೆ ಮೇಲೆ ಅಜ್ಜಿಯ ಹಳೆಯ ಫೋಟೊ ಇದ್ದು, ಸೀರೆಯ ಅಂಚಿಗೆ ಮಾತ್ರ ಬಣ್ಣ ಇದ್ದರೆ, ಅದು ಅಂಥ ಯಾರೋ ಹುಡುಗನ ಕೈಕೆಲಸ.

ಈ ಕಲಿಕೆಯಲ್ಲಿ ಒಂದು ತೊಡಕಿತ್ತು. ಯಾವ ರಾಸಾಯನಿಕ ಎಷ್ಟು, ಎಷ್ಟು ನಿಮಿಷ ಎಂಬ ಲೆಕ್ಕ ಯಜಮಾನನ ತಲೆಯಲ್ಲಿರುತ್ತಿತ್ತು. ಅವನು ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ಟುಡಿಯೋ ಯಜಮಾನನ ಪರಿಚಯ ಇಲ್ಲದ ಹಳ್ಳಿ ಹುಡುಗನಿಗೆ ಬಾಗಿಲೇ ತೆರೆಯುತ್ತಿರಲಿಲ್ಲ.

1943, ಶೇಷಾದ್ರಿ ರಸ್ತೆ

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಶೇಷಾದ್ರಿ ರಸ್ತೆ ಹಿಡಿದು ಕೆ.ಆರ್. ಸರ್ಕಲ್ ಕಡೆ ಹೋದರೆ ಎಸ್.ಜೆ. ಪಾಲಿಟೆಕ್ನಿಕ್ ಸಿಗುತ್ತದೆ. ಪೂರ್ತಿ ಹೆಸರು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. 1943ರಲ್ಲಿ ಶುರುವಾದಾಗ ಅದನ್ನು ಕರೆದಿದ್ದು ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂದು. ಸರಳವಾಗಿ ಹೇಳಬೇಕೆಂದರೆ ಕಸುಬಿನ ಶಾಲೆ.

ಇದರ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು 25 ವರ್ಷ ಆಗಿತ್ತು, ವಯಸ್ಸು 80 ದಾಟಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಕೈಗೆ ತೆಗೆದುಕೊಳ್ಳದೆ, ಆ ಹಣದಿಂದ ಹುಡುಗರಿಗೆ ಕಸುಬು ಕಲಿಸುವ ಶಾಲೆ ಮಾಡಿ ಎಂದರು. ಅವರ ಹೆಸರನ್ನೇ ಇಡೋಣ ಎಂಬ ಮಾತು ಬಂದಾಗ ಬೇಡ, ಮಹಾರಾಜರ ಹೆಸರಿಡಿ ಎಂದರು. ಇದು ಅವರ ಜೀವನ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಸಂಗ.

ಯಂತ್ರದ ಕೆಲಸ ಕಲಿಸುವ ಶಾಲೆ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯದ ಸಂಗತಿ ಎಂದರೆ ಅದೇ ಶಾಲೆಯಲ್ಲಿ ಸಿನಿಮಾಟೋಗ್ರಫಿ ಮತ್ತು ಸೌಂಡ್ ರೆಕಾರ್ಡಿಂಗ್ ಕೂಡ ಇದ್ದವು. ಮನೆಯ ಹುಡುಗ ಸಿನಿಮಾಕ್ಕೆ ಹೋಗುತ್ತೇನೆ ಎಂದರೆ ಹಿರಿಯರು ಗದರಿಸುತ್ತಿದ್ದ ಕಾಲ ಅದು. ಪುಣೆಯ ಹೆಸರಾಂತ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ. ಅದಕ್ಕೂ 17 ವರ್ಷ ಮುಂಚೆ ಮೈಸೂರು ಸಂಸ್ಥಾನ ಕ್ಯಾಮೆರಾಕ್ಕೆ ಡಿಪ್ಲೊಮಾ ಇಟ್ಟಿತ್ತು.

ಸ್ಟುಡಿಯೋಗೂ ಶಾಲೆಗೂ ವ್ಯತ್ಯಾಸ ಏನು? ಸ್ಟುಡಿಯೋದಲ್ಲಿ ಹುಡುಗ "ಹೀಗೆ ಮಾಡಬೇಕು" ಎಂದು ಕಲಿಯುತ್ತಾನೆ. ಶಾಲೆಯಲ್ಲಿ "ಹೀಗೆ ಮಾಡಿದರೆ ಯಾಕೆ ಹೀಗಾಗುತ್ತದೆ" ಎಂದೂ ಕಲಿಯಬೇಕು. ಲೆನ್ಸ್ ಬೆಳಕನ್ನು ಹೇಗೆ ಬಗ್ಗಿಸುತ್ತದೆ, ದೀಪ ದೂರ ಸರಿದಷ್ಟೂ ಬೆಳಕು ಎಷ್ಟು ಕಡಿಮೆಯಾಗುತ್ತದೆ, ಫಿಲ್ಮಿಗೆ ಎಷ್ಟು ಬೆಳಕು ಬೇಕು. ಗುಟ್ಟಾಗಿದ್ದ ವಿದ್ಯೆ ಕಪ್ಪುಹಲಗೆ ಮೇಲೆ ಬಂತು.

ಮೊದಲ ಬ್ಯಾಚಿನ ಹುಡುಗ

ಮೊದಲ ಬ್ಯಾಚಿನಲ್ಲಿ ಮೈಸೂರಿನ ಒಬ್ಬ ಹುಡುಗನಿದ್ದ. ಹುಟ್ಟಿದ್ದು 1923ರಲ್ಲಿ. ಪಿಟೀಲು ನುಡಿಸುತ್ತಿದ್ದ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದಿದ್ದ. 1946ರಲ್ಲಿ ಡಿಪ್ಲೊಮಾ ಮುಗಿಸಿ ಮುಂಬೈ ದಾರಿ ಹಿಡಿದ. ಹೆಸರು ವಿ.ಕೆ. ಮೂರ್ತಿ.

ಅಲ್ಲಿ ಹಲವು ವರ್ಷ ಸಹಾಯಕನ ಕೆಲಸ. 1951ರಲ್ಲಿ ಬಂದ 'ಬಾಜಿ' ಚಿತ್ರದಲ್ಲೂ ಮೂರ್ತಿ ಸಹಾಯಕರೇ. ಆದರೆ ಅವರ ಕೆಲಸ ನೋಡಿದ ನಿರ್ದೇಶಕ ಗುರುದತ್ ಮುಂದಿನ ಚಿತ್ರ 'ಜಾಲ್'ಗೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಆಮೇಲೆ 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' ಬಂದವು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಚಿತ್ರ ಆಗ ಓಡಲಿಲ್ಲ, ಆದರೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಆ ಚಿತ್ರದ ಒಂದು ದೃಶ್ಯದ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ಖಾಲಿ ಸ್ಟುಡಿಯೋ, ದೂರ ದೂರ ನಿಂತ ಇಬ್ಬರು, ನಡುವೆ ಮೇಲಿನಿಂದ ಇಳಿದ ಒಂದು ದೊಡ್ಡ ಬೆಳಕಿನ ಕಂಬ. ಸ್ಟುಡಿಯೋದ ವಿದ್ಯುತ್ ದೀಪದಿಂದ ಅಂಥ ನೇರವಾದ ಕಿರಣ ಬರಿಸುವುದು ಕಷ್ಟ. ದೀಪದ ಬೆಳಕು ದೂರ ಹೋದ ಹಾಗೆ ಹರಡಿಕೊಳ್ಳುತ್ತದೆ. ಸೂರ್ಯ ಬಹಳ ದೂರ ಇರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮನಾಗಿ ಬರುತ್ತವೆ. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಹೊರಗೆ ಬಿಸಿಲಿಗೆ ಹಿಡಿದು ಬೆಳಕನ್ನು ಒಳಕ್ಕೆ ಹಾಯಿಸಿದರು, ಮೇಲಿದ್ದ ಇನ್ನೊಂದರಿಂದ ಅದನ್ನು ಕೆಳಕ್ಕೆ ತಿರುಗಿಸಿದರು.

ನೀವು ಇದನ್ನು ನೋಡಿದ್ದೀರಿ. ಹೆಂಚಿನ ಮನೆಯ ಗಾಜಿನ ಹೆಂಚಿನಿಂದ ಬೆಳಿಗ್ಗೆ ಅಡುಗೆಮನೆಗೆ ಬಿಸಿಲುಕೋಲು ಇಳಿಯುತ್ತದಲ್ಲ, ಒಲೆಯ ಹೊಗೆ ತಾಗಿದಾಗ ಎದ್ದು ಕಾಣುತ್ತದಲ್ಲ, ಅದೇ. ಮೂರ್ತಿಯವರ ಬಗ್ಗೆ ಉಮಾ ರಾವ್ ಕನ್ನಡದಲ್ಲಿ ಬರೆದ ಪುಸ್ತಕದ ಹೆಸರೂ 'ಬಿಸಿಲು ಕೋಲು'. ಬಿಸಿಲುಕೋಲು ಎಲ್ಲರ ಮನೆಯಲ್ಲೂ ಬೀಳುತ್ತದೆ. ಬೇಕಾದಾಗ ಬೇಕಾದ ಕಡೆ ಅದನ್ನು ಬೀಳಿಸುವುದು ಕಲಿತವನಿಗೆ ಮಾತ್ರ ಸಾಧ್ಯ.

ಎರಡನೇ ಹುಡುಗ

ಮೂರ್ತಿ ಹೊರಬಿದ್ದ 16 ವರ್ಷಕ್ಕೆ, 1962ರಲ್ಲಿ, ಅದೇ ಶಾಲೆಯಿಂದ ಇನ್ನೊಬ್ಬ ಹೊರಬಂದ. ಹುಟ್ಟಿದ್ದು ಕರಾಚಿಯಲ್ಲಿ. ದೇಶ ವಿಭಜನೆಯಾದಾಗ ಮನೆಯವರ ಜೊತೆ ಈ ಕಡೆಗೆ ಬಂದು ರಾಜಸ್ಥಾನದ ಉದಯಪುರ ಸೇರಿದವನು. ಕ್ಯಾಮೆರಾ ಕಲಿಯಲು ಅಷ್ಟು ದೂರದಿಂದ ಬೆಂಗಳೂರಿಗೆ ಬಂದಿದ್ದ. ಅವರೇ ಗೋವಿಂದ ನಿಹಲಾನಿ. ಮುಂಬೈಗೆ ಹೋಗಿ ವಿ.ಕೆ. ಮೂರ್ತಿಯವರಿಗೇ ಸಹಾಯಕರಾದರು.

ಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಗಿರೀಶ ಕಾರ್ನಾಡರು 1973ರಲ್ಲಿ ಮಾಡಿದ 'ಕಾಡು' ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ನಿಹಲಾನಿ. ನಮ್ಮ ಹಳ್ಳಿ ಜಗಳ, ರಾತ್ರಿ, ಭಯ ಎಲ್ಲವೂ ಅದರಲ್ಲಿದೆ. ಶ್ಯಾಮ್ ಬೆನೆಗಲ್ ಅವರ 'ಅಂಕುರ್', 'ಮಂಥನ್' ಕೂಡ ಅವರವೇ. ಆಮೇಲೆ ತಾವೇ ನಿರ್ದೇಶಕರಾದರು. ವಿಭಜನೆಯ ನೋವಿನ ಕಥೆ 'ತಮಸ್' ಅನ್ನು 1980ರ ದಶಕದಲ್ಲಿ ಟಿವಿಗೆ ಮಾಡುವಾಗ ಕ್ಯಾಮೆರಾ ಕೆಲಸಕ್ಕೆ ಜೊತೆಗೆ ಕರೆದಿದ್ದು ಹಳೆಯ ಗುರು ಮೂರ್ತಿಯವರನ್ನು.

ಮೂರ್ತಿ ಕನ್ನಡಕ್ಕೂ ಕೆಲಸ ಮಾಡಿದರು. ತ್ರಿವೇಣಿಯವರ ಕಾದಂಬರಿ ಆಧರಿಸಿ ರಾಜೇಂದ್ರ ಸಿಂಗ್ ಬಾಬು ಮಾಡಿದ 'ಹೂವು ಹಣ್ಣು' ಚಿತ್ರ ನೆನಪಿರಬಹುದು. 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಕೊನೆಗಾಲದಲ್ಲಿ ಅವರು ಇದ್ದಿದ್ದು ಬಸವನಗುಡಿಗೂ ಚಾಮರಾಜಪೇಟೆಗೂ ನಡುವೆ ಇರುವ ಶಂಕರಪುರದಲ್ಲಿ. 2014ರ ಏಪ್ರಿಲ್ 7ರಂದು ಅಲ್ಲೇ ತೀರಿಕೊಂಡರು. ಕಲಿತ ಶಾಲೆ ಅಲ್ಲಿಂದ ಕೆಲವೇ ಕಿಲೋಮೀಟರ್.

ಈಗ ಎಲ್ಲಿ ಕಲಿಯಬಹುದು?

ಸಿನಿಮಾ ವಿಭಾಗ ಶೇಷಾದ್ರಿ ರಸ್ತೆಯಿಂದ ಊರಾಚೆಯ ಹೆಸರಘಟ್ಟಕ್ಕೆ ಹೋಯಿತು. ಅದೇ ಇವತ್ತಿನ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರೂ 'ಕಾವಾ' ಅನ್ನುವುದು, ಅಲ್ಲಿ ಫೋಟೊಗ್ರಫಿ ಮತ್ತು ಫೋಟೊ ಜರ್ನಲಿಸಂನಲ್ಲಿ ಪದವಿ ಇದೆ. ದೇಶದ ಐಟಿಐ ಕಸುಬುಗಳ ಪಟ್ಟಿಯಲ್ಲೂ ಡಿಜಿಟಲ್ ಫೋಟೊಗ್ರಾಫರ್ ಎಂಬ ಒಂದು ವರ್ಷದ ಕೋರ್ಸ್ ಇದೆ.

ಅಷ್ಟು ದಿನ ಮನೆ ಬಿಟ್ಟು ಇರಲಾಗದವರಿಗೆ ಇನ್ನೊಂದು ದಾರಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಫೋಟೊಗ್ರಫಿ, ವಿಡಿಯೋಗ್ರಫಿ ತರಬೇತಿ ಕೊಡುತ್ತಾರೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿಗಳಲ್ಲೂ ಸುಮಾರು ಒಂದು ತಿಂಗಳ ಕೋರ್ಸ್ ಇದೆ. ಕಲಿಕೆ, ಊಟ, ವಸತಿ ಎಲ್ಲ ಉಚಿತ. ನಿಮ್ಮ ಜಿಲ್ಲೆಯಲ್ಲಿ ಮುಂದಿನ ಬ್ಯಾಚ್ ಯಾವಾಗ ಎಂದು ಅಲ್ಲಿಗೇ ಹೋಗಿ ಕೇಳಿ.

ಸೇರುವ ಮುಂಚೆ ಒಂದು ವಿಷಯ ಖಂಡಿತ ವಿಚಾರಿಸಿ: ಎಷ್ಟು ಹುಡುಗರಿಗೆ ಎಷ್ಟು ಕ್ಯಾಮೆರಾ? ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದಲ್ಲಿ 32 ಜನಕ್ಕೆ ಇದ್ದಿದ್ದು ಒಂದೇ ಕ್ಯಾಮೆರಾ, ಅದೂ ಬೀರುವಿನೊಳಗೆ. ವರ್ಷದಲ್ಲಿ ಅದನ್ನು ನಾನು ಮುಟ್ಟಿದ್ದು ಎರಡು ಸಲ. ಪರೀಕ್ಷೆಯಲ್ಲಿ ಅದರ ಭಾಗಗಳ ಚಿತ್ರ ಬರೆದು ಪಾಸಾದೆ. ಆಮೇಲೆ ಮೊದಲ ಬಾರಿ ಪತ್ರಿಕೆಗೆ ಕಳಿಸಿದ ಜಾತ್ರೆಯ ಫೋಟೊದಲ್ಲಿ ತೇರಿನ ಹಿಂದೆ ಸೂರ್ಯನಿದ್ದ, ತೇರು ಪೂರಾ ಕಪ್ಪಗೆ ಬಂದಿತ್ತು. ಫೋಟೊ ಅಚ್ಚಾಗಲಿಲ್ಲ. ತೇರಿನ ಆ ಕಡೆ ಹೋಗಿ ನಿಲ್ಲಬೇಕಿತ್ತು ಎಂದು ತಿಳಿಯಲು ನನಗೆ ಇನ್ನೂ ಎರಡು ಜಾತ್ರೆ ಬೇಕಾದವು. ಕಲಿಸುವವರಿದ್ದರೆ ಅದು ಒಂದು ಬೆಳಗಿನ ಪಾಠ.

ಈಚೆಗೆ ಆ ಹಿರಿಯರು ಮತ್ತೆ ಅದೇ ಟೀ ಅಂಗಡಿಯಲ್ಲಿ ಸಿಕ್ಕರು. ಮಗ ಇನ್ನೂ ಯಾವ ಕೋರ್ಸಿಗೂ ಸೇರಿರಲಿಲ್ಲ, ಹಟವನ್ನೂ ಬಿಟ್ಟಿರಲಿಲ್ಲ. ಈ ಸಲ ನಾನು ಜಾರಿಕೊಳ್ಳಲಿಲ್ಲ. ವಿಶ್ವೇಶ್ವರಯ್ಯನವರ ಹಣದಿಂದ ಹಿಡಿದು ಮೂರ್ತಿಯವರ ಕನ್ನಡಿವರೆಗೆ ಎಲ್ಲ ಹೇಳಿದೆ. ಲೋಟ ಕೆಳಗಿಟ್ಟು ಕೇಳಿಸಿಕೊಂಡರು.

"ಆಯ್ತು ಬುಡು, ವಿಶ್ವೇಶ್ವರಯ್ನೋರೇ ಮಾಡ್ಸಿದ್ರು ಅಂದ್ಮೇಲೆ ಅದೂ ಒಂದು ಕೆಲ್ಸಾನೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಆ ಒಂದ್ ತಿಂಗ್ಳ ಕೋರ್ಸು ಅಂದ್ಯಲ್ಲ, ಅರ್ಜಿ ಎಲ್ಲಿ ಸಿಗ್ತದೆ?"