ಪರಂಗಿ ಅಂದರೆ ಯಾರು?

ಫ್ರೆಂಚರಿಗೆ ಕನ್ನಡ ಮಾಡಿದ ಮರ್ಯಾದೆ ವಿಚಿತ್ರವಾದದ್ದು. ಅವರ ಹೆಸರನ್ನು ಒಂದು ತೋಪಿಗೂ ಒಂದು ಹಣ್ಣಿಗೂ ಅಂಟಿಸಿ, ಅವರನ್ನು ಮರೆತುಬಿಟ್ಟಿತು. ಫ್ರಾನ್ಸಿಗೆ ಹೆಸರು ಕೊಟ್ಟದ್ದು ಫ್ರಾಂಕ್ ಎಂಬ ಹಳೆಯ ಕುಲ. ಜೆರುಸಲೇಮಿಗಾಗಿ ಹೊಡೆದಾಡಲು ಬಂದ ಯುರೋಪಿನವರನ್ನೆಲ್ಲ ಅರಬರು ಈ ಒಂದೇ ಹೆಸರಿನಲ್ಲಿ ಮುಗಿಸಿದರು. ಪಾರಸಿಯಲ್ಲಿ ಅದು ಫರಂಗಿಯಾಯಿತು, ನಮ್ಮಲ್ಲಿಗೆ ಬರುವಾಗ ಎರಡಾಗಿ ಒಡೆಯಿತು. ಫಿರಂಗಿ ಎಂದರೆ ತೋಪು, ಪರಂಗಿ ಎಂದರೆ ಬಿಳಿಯ.

ಮೈಸೂರು ಕಡೆ ಪಪ್ಪಾಯಿಗೆ ಪರಂಗಿ ಹಣ್ಣು ಎನ್ನುತ್ತಾರೆ. ತಮಿಳರ ಪರಂಗಿಕಾಯಿ ಸಿಹಿಗುಂಬಳ. ಮದರಾಸಿನ ಸೇಂಟ್ ಥಾಮಸ್ ಗುಡ್ಡ ಅವರಿಗೆ ಪರಂಗಿಮಲೈ. ಥಾಯ್‌ಲ್ಯಾಂಡಿನಲ್ಲಿ ‘ಫರಾಂಗ್’ ಅಂದರೆ ಬಿಳಿಯ, ಸೀಬೆಹಣ್ಣೂ ಹೌದು. ಹದಿನಾರನೆಯ ಶತಮಾನದ ಭಾವಪ್ರಕಾಶ ಎಂಬ ವೈದ್ಯಗ್ರಂಥ ಹೊಸದಾಗಿ ಬಂದ ಗುಹ್ಯರೋಗವೊಂದನ್ನು ಫಿರಂಗ ರೋಗ ಎಂದು ಕರೆಯಿತು. ಅದೇ ರೋಗವನ್ನು ಇಟಲಿಯವರು ಫ್ರೆಂಚರದ್ದು ಎನ್ನುತ್ತಿದ್ದರು, ಫ್ರೆಂಚರು ನೇಪಲ್ಸಿನವರದ್ದು ಎನ್ನುತ್ತಿದ್ದರು. ನಮ್ಮ ವೈದ್ಯರು ಆ ಜಗಳಕ್ಕೆ ಹೋಗಲಿಲ್ಲ, ಎಲ್ಲರಿಗೂ ಸೇರಿಸಿ ಹಂಚಿಬಿಟ್ಟರು.

ಫ್ರೆಂಚರೇನೂ ಸುಮ್ಮನೆ ಕೂತಿಲ್ಲ. ಟರ್ಕಿ ಕೋಳಿಗೆ ಅವರು ‘ದ್ಯಾಂದ್’ ಎನ್ನುತ್ತಾರೆ, ಇಂಡಿಯಾದ್ದು ಎಂಬ ಅರ್ಥದಲ್ಲಿ. ಗಿನಿ ಹಂದಿ ಅವರಿಗೆ ಇಂಡಿಯಾದ ಹಂದಿ. ಆ ಕೋಳಿಯಾಗಲಿ ಹಂದಿಯಾಗಲಿ ನಮ್ಮೂರು ಕಂಡದ್ದಲ್ಲ, ಅಮೆರಿಕದವು. ಪಪ್ಪಾಯಿಯೂ ಅಮೆರಿಕದ್ದೇ. ಅಮೆರಿಕದ ಸರಕಿಗೆ ಅವರು ನಮ್ಮ ಹೆಸರಿಟ್ಟರು, ನಾವು ಅವರ ಹೆಸರಿಟ್ಟೆವು, ಲೆಕ್ಕ ಚುಕ್ತಾ. ನಮ್ಮ ಹೆಸರು ನ್ಯಾಯವಾಗಿ ಸಂದದ್ದು ಒಂದಕ್ಕೆ ಮಾತ್ರ. ಅಚ್ಚಿನ ಹತ್ತಿಬಟ್ಟೆಗೆ ಅವರು ‘ಇಂಡಿಯೆನ್’ ಎಂದರು. ಅದರ ಹುಚ್ಚು ಎಷ್ಟಿತ್ತೆಂದರೆ ತನ್ನ ನೇಕಾರರನ್ನು ಉಳಿಸಿಕೊಳ್ಳಲು ಫ್ರಾನ್ಸ್ 1686ರಿಂದ 1759ರವರೆಗೆ ಆ ಬಟ್ಟೆಯನ್ನೇ ನಿಷೇಧಿಸಿತ್ತು. ಜನ ಕದ್ದುಮುಚ್ಚಿ ಉಟ್ಟರು. ಹತ್ತಿ ಮಾರ್ಕೆಟ್ಟಿನಿಂದಲೇ ಹೆಸರಾದ ಆಂಧ್ರದ ಆದೋನಿಯವರಿಗೆ ಈ ಕಥೆ ಕೇಳಿದರೆ ಒಳಗೊಳಗೇ ಖುಷಿಯಾದೀತು.

ಆದೋನಿಯಲ್ಲಿ ಪಪ್ಪಾಯಿ ಪಪ್ಪಾಯಿಯೇ, ತೆಲುಗರಿಗೆ ಬೊಪ್ಪಾಯಿ. ಪರಂಗಿ ಹಣ್ಣು ಕೊಡಪ್ಪ ಎಂದರೆ ಗಾಡಿಯವನು ಮುಖ ನೋಡುತ್ತಾನೆ. ತಮಾಷೆಯೆಂದರೆ, ಹಣ್ಣಿನ ಪರಂಗಿ ಇಲ್ಲದ ಈ ಊರಿನಲ್ಲಿ ಮನುಷ್ಯರ ಪರಂಗಿ ಬೇಕಾದಷ್ಟಿತ್ತು, ಅದೂ ಅಸಲಿ ಫ್ರಾನ್ಸಿನದೇ. 1751ರಲ್ಲಿ ಬುಸ್ಸಿಯ ಫ್ರೆಂಚ್ ಪಡೆ ಸಲಾಬತ್ ಜಂಗನನ್ನು ಹೈದರಾಬಾದಿನ ಗದ್ದುಗೆಗೆ ಕರೆದೊಯ್ಯುವ ದಾರಿಯಲ್ಲಿ ಕರ್ನೂಲಿನ ಕೋಟೆಗೆ ನುಗ್ಗಿತು. ಸಲಾಬತ್ ಜಂಗನ ತಮ್ಮ ಬಸಾಲತ್ ಜಂಗನಿಗೆ ಆದೋನಿ ಜಹಗೀರಾಯಿತು, 1782ರಲ್ಲಿ ತೀರಿಕೊಳ್ಳುವವರೆಗೂ ಅವನ ಕೈಯಲ್ಲೇ ಇತ್ತು. ಅವನು ಸಾಕಿಕೊಂಡಿದ್ದ ಫ್ರೆಂಚ್ ತುಕಡಿಯ ನಾಯಕನ ಹೆಸರು ಲಾಲಿ. ಪಾಂಡಿಚೇರಿಯಲ್ಲಿ ಇಂಗ್ಲಿಷರಿಗೆ ಸೋತು, ಪ್ಯಾರಿಸಿನಲ್ಲಿ ತಲೆ ಕೊಟ್ಟ ಲಾಲಿ ಅಲ್ಲ, ಇವನು ಬೇರೆ. ತೋಪು ಹಾರಿಸುವವನಿಗೆ ಜೋಗುಳದ ಹೆಸರು! ಆದೋನಿಯ ತಾಯಂದಿರು ಅದನ್ನು ಕೇಳಿ ನಗದೆ ಇದ್ದಾರೆಯೇ?

ಈ ಲಾಲಿ 1775ರಲ್ಲಿ ಬಸಾಲತ್ ಜಂಗನ ಪರವಾಗಿ ಬಳ್ಳಾರಿಗೆ ಮುತ್ತಿಗೆ ಹಾಕಿದ. ಬಳ್ಳಾರಿಯ ಪಾಳೆಯಗಾರ ಮೈಸೂರಿನ ಹೈದರನನ್ನು ಕರೆದ. ಹೈದರ್ ಬಿರುಗಾಳಿಯಂತೆ ಬಂದು ಮುತ್ತಿಗೆ ಮುರಿದ, ಕರೆದವನ ಊರನ್ನೂ ತಾನೇ ಇಟ್ಟುಕೊಂಡ. ಮುಂದೆ ಬಸಾಲತ್ ಜಂಗ್ ಇಂಗ್ಲಿಷರ ಒತ್ತಾಯಕ್ಕೆ ಫ್ರೆಂಚರನ್ನು ಕೈಬಿಟ್ಟಾಗ ಲಾಲಿ ಸೇರಿಕೊಂಡದ್ದು ತನ್ನನ್ನು ಓಡಿಸಿದ ಹೈದರನನ್ನೇ.

ಬಳ್ಳಾರಿಯ ಕೋಟೆಯನ್ನು ಹೈದರನಿಗಾಗಿ ಬಲಪಡಿಸಿದವನು ಒಬ್ಬ ಫ್ರೆಂಚ್ ಎಂಜಿನಿಯರ್ ಎಂಬ ಹೇಳಿಕೆಯಿದೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆ ಉಳಿಯದು. ಹೈದರ್ ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಪೂರ್ವದ ಬಾಗಿಲ ಬಳಿಯ ಸಮಾಧಿ ಅವನದೇ ಎನ್ನುವವರಿದ್ದಾರೆ. ಅಲ್ಲ, ಅದು ಮುಸಲ್ಮಾನ ಸಂತರೊಬ್ಬರದು ಎನ್ನುವವರೂ ಇದ್ದಾರೆ. ನನಗೆ ಎರಡೂ ಮಾತು ಒಟ್ಟಿಗೆ ನಿಜವಾಗಲಿ ಎಂಬ ಆಸೆ. ಪರದೇಶದಲ್ಲಿ ಬೆರೆತುಹೋಗುವುದು ಎಂದು ಪ್ರವಾಸದ ಪುಸ್ತಕಗಳು ಏನೇನೋ ಹೇಳುತ್ತವೆ, ಪರಂಗಿಯಾಗಿ ಬಂದು ಪೀರನಾಗಿ ಮಲಗುವುದಕ್ಕಿಂತ ಹೆಚ್ಚು ಬೆರೆಯಲು ಯಾರಿಗೆ ಸಾಧ್ಯ?

1786ರಲ್ಲಿ ಹೈದರನ ಮಗ ಟಿಪ್ಪು ಆದೋನಿಯನ್ನು ಹಿಡಿದು ಕೋಟೆಯನ್ನು ಕೆಡವಿದ. ಎರಡೇ ವರ್ಷಕ್ಕೆ ಅವನ ಮೂವರು ರಾಯಭಾರಿಗಳು ಫ್ರಾನ್ಸಿನಲ್ಲಿದ್ದರು. 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಈಗ ಪರಂಗಿಗಳು ಇವರೇ, ಪ್ಯಾರಿಸಿನ ಜನ ಬೀದಿಯಲ್ಲಿ ಗುಂಪುಗಟ್ಟಿ ನೋಡಿದರು. ವಿಜೇ ಲ ಬ್ರ್ಯಾಂ ಎಂಬ ಪ್ರಸಿದ್ಧ ಚಿತ್ರಕಾರ್ತಿ ಅವರಲ್ಲೊಬ್ಬನಾದ ದರ್ವೇಶ್ ಖಾನನ ಚಿತ್ರ ಬರೆದಳು. ಚಿತ್ರಕ್ಕೆ ಜೀವ ಬೇಕಾಗುತ್ತದೆ ಎಂದು ಅವನು ಅದನ್ನು ತನ್ನ ಹಾಸಿಗೆಯ ಹಿಂದೆ ಬಚ್ಚಿಟ್ಟನಂತೆ. ಅವರು ಅವಳನ್ನು ಊಟಕ್ಕೂ ಕರೆದರು. ನೆಲದ ಮೇಲೆ ಕೂರಿಸಿ, ತಮ್ಮ ಕೈಯಿಂದಲೇ ಮಸಾಲೆಯ ಕುರಿಗಾಲನ್ನು ಬಡಿಸಿದ್ದು ಅವಳ ನೆನಪಿನ ಬರಹದಲ್ಲಿದೆ. ಇದು ನನಗೆ ಲೂಯಿಯ ದರ್ಬಾರಿಗಿಂತ ದೊಡ್ಡ ಸಂಗತಿ. ದರ್ಬಾರಿನಿಂದ ಟಿಪ್ಪುವಿಗೆ ಬೇಕಾದ ಸೈನ್ಯ ಸಿಗಲಿಲ್ಲ. ಊಟದಲ್ಲಿ ಕಡೇಪಕ್ಷ ಎರಡೂ ಕಡೆಯವರು ಒಂದೇ ನೆಲದ ಮೇಲೆ ಕೂತರು.

ಈಗ ಫ್ರಾನ್ಸಿಗೆ ಹೊರಡುವವರಿಗೆ ರಾಯಭಾರದ ಹೊರೆಯಿಲ್ಲ. ಆದೋನಿ, ಆಲೂರು, ಹೊಳಗುಂದದ ಕನ್ನಡದ ಮನೆಯವರಿಗಂತೂ ಅರ್ಧ ತರಬೇತಿ ಊರಿನಲ್ಲೇ ಆಗಿರುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿದ ಊರುಗಳು ಇವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದುವೂ ಬೇಕು. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ‘ಏನ್ರೀ’ ಅನ್ನಬೇಕೋ ‘ಏಮಂಡಿ’ ಅನ್ನಬೇಕೋ ‘ಸಲಾಂ ಭಾಯ್’ ಅನ್ನಬೇಕೋ ಎಂದು ನಾಲಿಗೆ ತೀರ್ಮಾನಿಸಿರುತ್ತದೆ. ಫ್ರಾನ್ಸಿನಲ್ಲಿ ನಡೆಯುವುದೂ ಇದೇ ವಿದ್ಯೆ. ಬೇಕರಿಗೆ ಹೋಗಿ ‘ಬೋಂಜೂರ್’ ಹೇಳದೆ ಬಾಗೆತ್ ಕೇಳಿದವರಿಗೆ ಬಾಗೆತ್ ಸಿಗುತ್ತದೆ, ಮುಖ ಸಿಗುವುದಿಲ್ಲ. ಆ ಉದ್ದನೆಯ ಬ್ರೆಡ್ಡಿನ ಕಸುಬು 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಆದರೆ ಅದನ್ನು ಕೊಳ್ಳುವ ಶಾಸ್ತ್ರ ಯಾರೂ ಬರೆದಿಟ್ಟಿಲ್ಲ. ಮನೆಯೂಟದಲ್ಲಿ ಬ್ರೆಡ್ಡನ್ನು ತಟ್ಟೆಯಲ್ಲಿ ಇಡುವುದಿಲ್ಲ, ಪಕ್ಕದ ಮೇಜುಬಟ್ಟೆಯ ಮೇಲೇ ಇಡುತ್ತಾರೆ. ಅಡುಗೆ ಬಗ್ಗೆ ಎಷ್ಟು ಮಾತಾಡಿದರೂ ನಡೆಯುತ್ತದೆ, ಸಂಬಳ ಮಾತ್ರ ಕೇಳಬಾರದು. ಇನ್ನು ‘ತ್ಯು’ ಮತ್ತು ‘ವು’ ಎಂದರೆ ನೀನು, ನೀವು. ಇಂಗ್ಲಿಷರು ಇದನ್ನು ಕಲಿಯಲು ಒದ್ದಾಡುತ್ತಾರೆ. ಯಾರು, ಯಾವಾಗ, ಯಾರ ಅಪ್ಪಣೆಯಿಂದ ನೀವಿನಿಂದ ನೀನಿಗೆ ಇಳಿಯಬಹುದು ಎಂಬುದನ್ನು ನಮಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಹಣೆಪಟ್ಟಿ ತಪ್ಪುವುದಿಲ್ಲ. ಹಲವು ಫ್ರೆಂಚರ ಆಡುಮಾತಿನಲ್ಲಿ ಭಾರತದಿಂದ ಬಂದವರೆಲ್ಲ ‘ಹಿಂದೂ’. ‘ಇಂಡಿಯನ್’ ಎಂಬ ಮಾತನ್ನು ಅಮೆರಿಕದ ಮೂಲನಿವಾಸಿಗಳಿಗೂ ಕೊಟ್ಟುಬಿಟ್ಟಿದ್ದಾರಲ್ಲ, ಗೊಂದಲವಾಗದಿರಲಿ ಎಂದು ಈ ಉಪಾಯ. ಆದೋನಿಯ ಜಾಮಿಯಾ ಮಸೀದಿಯ ಓಣಿಯಿಂದ ಹೋದ ಹುಡುಗನೂ ಅಲ್ಲಿ ಹಿಂದೂವೇ. ಅವನು ಬೇಜಾರು ಮಾಡಿಕೊಳ್ಳುವಂತಿಲ್ಲ. ಪೋರ್ಚುಗೀಸರು, ಫ್ರೆಂಚರು, ಇಂಗ್ಲಿಷರು ಎಂಬ ಭೇದವಿಲ್ಲದೆ ಎಲ್ಲರನ್ನೂ ಫರಂಗಿ ಎಂದವರು ಅವನ ಮುತ್ತಜ್ಜನ ಮುತ್ತಜ್ಜಂದಿರೇ.