ಅಂಗೈ ಬಿಸಿಯ ಹಿಂದಿನ ಕಥೆ

ಕಣ್ಣರೆಪ್ಪೆಯಲ್ಲಿ ಕುಟಿಕೆ ಎದ್ದರೆ ಬೆರಳನ್ನು ಅಂಗೈಗೆ ಉಜ್ಜಿ ಬಿಸಿ ಮುಟ್ಟಿಸುವುದು ಸೊರಬದ ಕುಪ್ಪಗಡ್ಡೆಯಂಥ ಹಳ್ಳಿಯವರಿಗೂ ಪಟ್ಟಣದವರಿಗೂ ಪರಿಚಿತವಾದ ಮನೆಮದ್ದು. ಇದರ ಬೇರು ಬಲು ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರವು ‘ಅಂಜನನಾಮಿಕೆ’ ಎಂಬ ರೆಪ್ಪೆಯ ಕುರುವಿಗೆ ಮೊದಲು ಸ್ವೇದನ, ಅಂದರೆ ಶಾಖ, ಕೊಟ್ಟು ಅನಂತರ ಹಿಂಡಲು ಹೇಳುತ್ತದೆ.

ಶಾಖದ ಗುಟ್ಟು ರೆಪ್ಪೆಯೊಳಗಿದೆ. 1666ರಲ್ಲಿ ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್ ಅಲ್ಲಿನ ಎಣ್ಣೆಗ್ರಂಥಿಗಳನ್ನು ವಿವರಿಸಿದ. ಕಣ್ಣೀರು ಬೇಗ ಆರದಂತೆ ಕಾಯುವುದು ಈ ಎಣ್ಣೆಯೇ. ಅದು ಗಟ್ಟಿಯಾಗಿ ಗ್ರಂಥಿ ಕಟ್ಟಿಕೊಂಡರೆ ಕಣ್ಣು ಒಣಗಿ ಉರಿಯುತ್ತದೆ, ಗಂಟೂ ಏಳಬಹುದು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ ಎಣ್ಣೆಯನ್ನು ಸಡಿಲಿಸುತ್ತದೆ.

ಬೆರಳಿನ ಬಿಸಿ ಕ್ಷಣದಲ್ಲೇ ಆರುತ್ತದೆ. ಶುಚಿಯಾದ ಬಟ್ಟೆಯನ್ನು ಹದಬಿಸಿ ನೀರಿನಲ್ಲಿ ಅದ್ದಿ ಹಿಂಡಿ, ಆಗಾಗ ಬಿಸಿಮಾಡುತ್ತ 5–10 ನಿಮಿಷ ಇಡುವುದು ಮೇಲು. ಮನೆಯಲ್ಲಿ ಕುರು ಹಿಂಡಬಾರದು. ನೋಟ ಮಂಜಾದರೆ ವೈದ್ಯರನ್ನೇ ಕಾಣಬೇಕು.