‘ರಂಗನ ಮದುವೆ’ಯೂ ವಿಮರ್ಶೆಯ ಮಾರ್ಗಗಳೂ

ಬೆಳಗಾವಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕಾಗಿದೆ. 1929ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಧ್ಯಕ್ಷಪೀಠವನ್ನು ಅಲಂಕರಿಸಿದರು. 1980ರಲ್ಲಿ ಈ ಜಿಲ್ಲೆಯವರೇ ಆದ ಬಸವರಾಜ ಕಟ್ಟೀಮನಿಯವರು. ಇಬ್ಬರೂ ಕಥೆಗಾರರು. ಒಬ್ಬರು ನವೋದಯದ ಹಿರಿಯರು, ಇನ್ನೊಬ್ಬರು ಪ್ರಗತಿಶೀಲ ಪಂಥದವರು. ಇವರೀರ್ವರ ನಡುವಣ ಐವತ್ತೊಂದು ವರ್ಷಗಳಲ್ಲಿ ಸಣ್ಣಕಥೆಯು ಬೆಳೆದ ಬಗೆಯನ್ನು ಬಲ್ಲವರು ಬರೆದಿದ್ದಾರೆ. ಅದನ್ನು ಓದುವ ಬಗೆ ಹೇಗೆ ಬದಲಾಯಿತೆಂಬುದೇ ಈ ಲೇಖನದ ವಿಷಯವು.

ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದ ನನ್ನಂಥವರಿಗೆ ಸಣ್ಣಕಥೆಯನ್ನು ಅಳೆಯುವ ಕೋಲು ಬೇರೆ ಇರಲಿಲ್ಲ. ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಪರಿಕಥೆ, ಖಂಡಕಥೆ, ಸಕಲಕಥೆಗಳೆಂಬ ಭೇದಗಳನ್ನು ಎಣಿಸಿದ್ದನು. ಆದರೆ ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರೂ ಮಂಗಳೂರಿನ ಪಂಜೆ ಮಂಗೇಶರಾಯರೂ ಬರೆದುದು ಈ ಯಾವ ಹೆಸರಿಗೂ ಸರಿಹೊಂದುವುದಿಲ್ಲ. ಹೆಸರು ಹೊಂದದಿದ್ದರೇನು, ರಸ ಧ್ವನಿ ಔಚಿತ್ಯಗಳು ಎಲ್ಲಿಯೂ ಸಲ್ಲುವವೆಂದೇ ನಾವು ನಂಬಿದ್ದೆವು.

ಮಾಸ್ತಿಯವರ ‘ರಂಗನ ಮದುವೆ’ಯನ್ನೇ ತೆಗೆದುಕೊಳ್ಳೋಣ. 1910ರ ಈ ಕಥೆಯನ್ನು ವಾಚಕರು ಬಲ್ಲರು. ಬೆಂಗಳೂರಿನಲ್ಲಿ ಇಂಗ್ಲೀಷು ಕಲಿತು ಹೊಸಹಳ್ಳಿಗೆ ಮರಳಿದ ರಂಗಪ್ಪನು ಪ್ರಾಯಕ್ಕೆ ಬಂದ, ತಾನು ಮೆಚ್ಚಿದ ಕನ್ಯೆಯನ್ನೇ ವರಿಸುವೆನೆನ್ನುತ್ತಾನೆ. ತಂದೆತಾಯಿಗಳಿಲ್ಲದೆ ರಾಮರಾಯರ ಆಶ್ರಯದಲ್ಲಿರುವ ಹನ್ನೊಂದು ವರ್ಷದ ರತ್ನೆ ಹಾಡುವಾಗ ಅವನು ಬರುವಂತೆ ಶ್ಯಾಮನು ಸಂಚು ಹೂಡುತ್ತಾನೆ; ಆಕೆಗೆ ಮದುವೆಯಾಗಿದೆಯೆಂದು ಸುಳ್ಳು ಹೇಳಿ ಅವನ ಆಸೆಯನ್ನು ಕೆರಳಿಸುತ್ತಾನೆ; ಶಾಸ್ತ್ರಿಗಳಿಂದ ಕವಡೆಯ ಭವಿಷ್ಯವನ್ನೂ ನುಡಿಸುತ್ತಾನೆ. ನಿರುಪದ್ರವಿಯಾದ ಹಾಸ್ಯ, ಅದರ ಬೆನ್ನಿಗೆ ಮೊಳೆಯುವ ಶೃಂಗಾರ. ಶಾಸ್ತ್ರದ ಕಣ್ಣಿಗೆ ಕಥೆಯು ನಿರ್ದುಷ್ಟವಾಗಿತ್ತು.

ಖಾನಾಪುರ ತಾಲೂಕಿನ ಒಂದು ಶಾಲೆಯಲ್ಲಿದ್ದಾಗ ಮಳೆಗಾಲದ ಒಂದು ಮಧ್ಯಾಹ್ನ ಇದನ್ನು ಮಕ್ಕಳಿಗೆ ಓದಿ ಹೇಳಿದೆನು. ಎಲ್ಲರೂ ನಕ್ಕರು. ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ರತ್ನಾನ್ನ ಯಾರರ ಕೇಳಿದ್ರೇನ್ರಿ?” ಎಂದಳು. “ಅದು ಕಥಿ ಅದವಾ, ಕೂಡ್ರು” ಎಂದು ಕುಳ್ಳಿರಿಸಿದೆನು. ಮರುವರ್ಷ ಆಕೆ ಶಾಲೆಗೆ ಬರಲಿಲ್ಲ. ಮದುವೆಯಾಯಿತೆಂದು ಗೆಳತಿಯರು ಹೇಳಿದರು.

ಆ ಪ್ರಶ್ನೆಯ ಬಳಿಕ ಚರಿತ್ರೆಯ ಮಾರ್ಗವನ್ನು ಹಿಡಿದೆನು. ಮಾಸ್ತಿಯವರು ಬೆಳಗಾವಿಗೆ ಬಂದ 1929ರಲ್ಲಿಯೇ ಶಾರದಾ ಕಾಯದೆಯು ಅಂಗೀಕೃತವಾಗಿ, 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕನ್ಯೆಗೆ ಹದಿನಾಲ್ಕು, ವರನಿಗೆ ಹದಿನೆಂಟು ತುಂಬಿರಬೇಕೆಂದಿತು. ಕಥೆಯು ಅದಕ್ಕಿಂತ ಹತ್ತೊಂಬತ್ತು ವರ್ಷ ಹಿಂದಿನದು. ಆದುದರಿಂದ ಮಾಸ್ತಿಯವರನ್ನು ದೂಷಿಸಲಾಗದೆಂದು ಮೊದಲು ಸಮಾಧಾನಪಟ್ಟುಕೊಂಡೆನು. ಆದರೆ ಪ್ರಾಯದ ಕನ್ಯೆ ಬೇಕೆಂಬ ಮಾತು ರಂಗಪ್ಪನ ಬಾಯಲ್ಲಿ ಆಗಲೇ ಇದೆಯಲ್ಲ! ಕಾಲಕ್ಕೆ ಅದು ತಿಳಿಯದ ವಿಷಯವೇನಲ್ಲ. ಪ್ರಗತಿಶೀಲರ ದೃಷ್ಟಿಯಿಂದ ನೋಡಿದರೆ, ಹೊಸ ವಿದ್ಯೆಯನ್ನು ಹಳೆಯ ಊರು ನಗುನಗುತ್ತಲೇ ಸೋಲಿಸಿದ ಕಥೆಯಿದು. ಇಷ್ಟು ಹೇಳಿ ಕಥೆಯನ್ನೇ ತಳ್ಳಿಹಾಕುವವರೊಡನೆ ನನಗೆ ಸಮ್ಮತಿಯಿಲ್ಲ. ತೀರ್ಪಿನ ಆತುರದಲ್ಲಿ ಅವರು ಪುಟವನ್ನು ಸರಿಯಾಗಿ ಓದುವುದಿಲ್ಲ.

ಪುಟದಲ್ಲಿರುವುದೇನು? ಬಾಗಿಲಲ್ಲಿ ಬೆಳಕಿಗೆ ಅಡ್ಡವಾಗಿ ಅಪರಿಚಿತನು ನಿಂತುದನ್ನು ಕಂಡು ರತ್ನೆ ಹಾಡನ್ನು ತಟ್ಟನೆ ನಿಲ್ಲಿಸುತ್ತಾಳೆ. ನಾಚಿ ಒಳಗೆ ಓಡುತ್ತಾಳೆ. ಇದನ್ನು ವ್ರೀಡೆಯೆಂಬ ವ್ಯಭಿಚಾರಿಭಾವಕ್ಕೆ ಉದಾಹರಣೆಯಾಗಿ ವರ್ಷಗಟ್ಟಲೆ ಹೇಳಿಕೊಟ್ಟೆನು. ನಾಚಿದಳೆಂದು ನಮಗೆ ಹೇಳುವವನು ಯಾರು? ಶ್ಯಾಮನು. ಆಕೆಗೆ ಮದುವೆಯಾಗಿದೆಯೆಂದು ಸುಳ್ಳಾಡುವವನೂ ಅವನೇ. ಶಾಸ್ತ್ರವು ಎಣಿಸಿದ ಮೂವತ್ತಮೂರು ಭಾವಗಳಲ್ಲಿ ವ್ರೀಡೆಯಂತೆಯೇ ತ್ರಾಸವೂ ಒಂದು; ಹನ್ನೊಂದು ವರ್ಷದ ಮಗುವು ಹಾಡು ನಿಲ್ಲಿಸಿದುದು ಯಾವುದರಿಂದಲೆಂದು ನಾನು ತರಗತಿಯಲ್ಲಿ ಒಮ್ಮೆಯೂ ಕೇಳಲಿಲ್ಲ.